ಇನ್ನೊಬ್ಬರ ಮೊಣಕೈ

ಭಾನುವಾರ ಅಣ್ಣ ಬಂದರೆ ಕೂರುವುದಕ್ಕೂ ಮುಂಚೆ ತಂಗಿಯ ತೋಳು ಹಿಡಿದು ನೋಡುತ್ತಿದ್ದ. ತೋಳು ಅಂದರೆ ಅವಳು ಹಾಕಿಕೊಂಡ ತೊಗಲಿನ ಜಾಕೆಟ್ಟಿನ ತೋಳು. ಮೊಣಕೈ ಮಡಿಕೆಯನ್ನು ಹೆಬ್ಬೆರಳಲ್ಲಿ ಸವರಿ, "ದಿನಾ ಹಾಕ್ಕೋತಿದೀಯ ತಾನೆ, ಪುಟ್ಟಿ?" ಅಂತ ಕೇಳುತ್ತಿದ್ದ. ನಲವತ್ತರ ಹತ್ತಿರ ಬಂದ, ಪಾರ್ಸೆಲ್ ವ್ಯಾನ್ ಓಡಿಸುವ, ಗೋದಾಮಿನ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಡುವ ಹೆಂಗಸನ್ನು ಪುಟ್ಟಿ ಅನ್ನುವ ಬಾಯಿ ಲೋಕದಲ್ಲಿ ಅದೊಂದೇ ಉಳಿದಿತ್ತು. ಅಮ್ಮ ಹೋದ ಮೇಲೆ ಅಣ್ಣ ಅವಳ ಒಂಟಿ ಕೋಣೆಯ ಕಡೆ ತಲೆ ಹಾಕಿದ್ದೇ ಅಪರೂಪ. ಜಾಕೆಟ್ ಕೊಟ್ಟ ಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವಳು ಇವೆರಡನ್ನೂ ಕೂಡಿಸಿ ಯೋಚಿಸಲಿಲ್ಲ. ಒಡಹುಟ್ಟಿದವನು ಬಂದರೆ ಯಾಕೆ ಬಂದೆ ಅಂತ ಕೇಳುವ ಜಾತಿಯವಳಲ್ಲ ಅವಳು.

ಜಾಕೆಟ್ ಹಳೆಯ ಕಾಲದ ವಿಮಾನ ಚಾಲಕರು ಹಾಕುತ್ತಿದ್ದ ಮಾದರಿಯದು, ಹೊಸದಾಗಿ ಹೊಲಿಸಿದ್ದು. ಕುದುರೆ ತೊಗಲು. ಮೊದಮೊದಲು ರಟ್ಟಿನ ಹಾಗಿತ್ತು. ಕೈ ಎತ್ತಿದರೆ ಇವಳೊಂದು ಕಡೆ, ಜಾಕೆಟ್ಟೊಂದು ಕಡೆ. "ಬೆಳಗಿನ ಜಾವ ಚಳೀಲಿ ಹೊರಡ್ತೀಯ, ಹಾಕ್ಕೋ. ಪೆಟ್ಟಿಗೇಲಿಟ್ಟು ಪೂಜೆ ಮಾಡಬೇಡ" ಅಂದಿದ್ದ ಅಣ್ಣ. ಅವಳು ಅದನ್ನು ಗೋದಾಮಿನ ಮೇಸ್ತ್ರಿಯಿಂದ ಹಿಡಿದು ಪೆಟ್ರೋಲ್ ಬಂಕಿನವನವರೆಗೆ ಎಲ್ಲರಿಗೂ ತೋರಿಸಿ ಬಂದಳು. "ನಮ್ಮಣ್ಣ ಕೊಟ್ಟಿದ್ದು" ಅನ್ನುವಾಗ ಅವಳ ಗಡಸು ಗಂಟಲು ಸ್ವಲ್ಪ ಮೆತ್ತಗಾಗುತ್ತಿತ್ತು.

ಒಂದು ಚಳಿಗಾಲ ಹೋಗಿ ಇನ್ನೊಂದು ಬರುವಷ್ಟರಲ್ಲಿ ತೊಗಲು ಅವಳ ಮೈಗೆ ಒಗ್ಗಿತು. ಸೀಟ್ ಬೆಲ್ಟ್ ಉಜ್ಜಿ ಉಜ್ಜಿ ಎದೆಯ ಮೇಲೆ ಓರೆಯಾಗಿ ಒಂದು ಹೊಳಪಿನ ಪಟ್ಟಿ ಎದ್ದಿತು. ಪೆಟ್ಟಿಗೆ ತಬ್ಬಿ ಎತ್ತುವ ಕಡೆ ಕಪ್ಪು ಬಣ್ಣ ಸವೆದು ಕೆಳಗಿನ ಕಂದು ಇಣುಕಿತು. ಅಣ್ಣನಿಗೆ ಹಿಗ್ಗೋ ಹಿಗ್ಗು. ಬಂದಾಗಲೆಲ್ಲ ಜಾಕೆಟ್ ಬಿಚ್ಚಿಸಿ ತಾನು ತೊಟ್ಟು, ಮಹಡಿಯ ಮೇಲೆ ನಿಂತು ಅವಳ ಕೈಲೇ ಫೋಟೋ ತೆಗೆಸಿಕೊಳ್ಳುತ್ತಿದ್ದ. "ನಮ್ಮದೊಂದು ಗುಂಪಿದೆ, ಜಾಕೆಟ್ ಹುಚ್ಚರದ್ದು. ಅವರಿಗೆ ತೋರಿಸೋಕೆ" ಅನ್ನುತ್ತಿದ್ದ. ಹುಚ್ಚು ಯಾರಿಗಿಲ್ಲ, ತೆಗೆಸಿಕೊಳ್ಳಲಿ ಬಿಡು ಅಂದುಕೊಂಡು ಅವಳು ತೆಗೆಯುತ್ತಿದ್ದಳು.

ಅವಳ ಭುಜ ಮುರಿದದ್ದೂ ಆ ಜಾಕೆಟ್ಟಿನಲ್ಲೇ. ವ್ಯಾನಿನ ಹಲಗೆಯ ಮೇಲಿಂದ ಫ್ರಿಜ್ ಜಾರಿತು, ಹಿಡಿಯಲು ಹೋಗಿ ಕಬ್ಬಿಣದ ಅಂಚಿಗೆ ಬಿದ್ದಳು. ತೊಗಲಿನ ಮೇಲೆ ಭುಜದಿಂದ ಬೆನ್ನಿನವರೆಗೆ ಉದ್ದನೆ ಗೀರು. ಆಸ್ಪತ್ರೆಗೆ ಅಣ್ಣ ಏದುಸಿರು ಬಿಡುತ್ತಾ ಓಡಿ ಬಂದಾಗ ನರ್ಸ್ ಜಾಕೆಟ್ಟಿನ ತೋಳು ಕತ್ತರಿಸಲು ಕತ್ತರಿ ಹಿಡಿದಿದ್ದಳು. "ಬೇಡಿ ಸಿಸ್ಟರ್, ನಾನು ಬಿಚ್ತೀನಿ" ಅಂತ ಅವಳ ಕೈ ತಡೆದ. ಬಹಳ ಹೊತ್ತು ಹಿಡಿಯಿತು. ತಂಗಿಗೆ ಜೀವ ಹೋಗಿ ಬಂದಂತಾಯಿತು, ತುಟಿ ಕಚ್ಚಿ ಕಚ್ಚಿ ರಕ್ತ ಬಂತು. ಆದರೂ ಆಮೇಲೆ ಪಕ್ಕದ ಮಂಚದವಳಿಗೆ ಹೇಳಿದಳು: "ನೋಡಿದ್ರಲ್ಲ, ಎಷ್ಟು ಹುಷಾರಾಗಿ ಬಿಚ್ಚಿದ. ಚಿಕ್ಕಂದಿನಿಂದ ಹಾಗೇ ಅವನು."

ಆ ವರ್ಷದ ಕೊನೆಗೆ ಗುಂಪಿನ ವಾರ್ಷಿಕ ಕೂಟ ಬಂತು. ಕಾಫಿ ಅಂಗಡಿಯೊಂದರ ಮಹಡಿಯಲ್ಲಿ ಅವರ ಕೋಣೆ. ಜಾಕೆಟ್ ನೇತುಹಾಕುವ ಮರದ ಗೊಂಬೆಗಳನ್ನು ಸಾಗಿಸಲು ಅಣ್ಣನಿಗೆ ವ್ಯಾನ್ ಬೇಕಿತ್ತು. ಹಾಗಾಗಿ ಅವಳು ಹೋದಳು. ಗೊಂಬೆಗಳನ್ನು ಮೆಟ್ಟಿಲ ಮೇಲೆ ಹೊತ್ತು ಹಾಕಿ, ಬಾಗಿಲ ಬಳಿ ಸ್ವೆಟರಿನಲ್ಲಿ ನಿಂತಳು. ಜಾಕೆಟ್ ಅಣ್ಣನ ಮೈಮೇಲಿತ್ತು.

ಒಳಗೆ ತೊಗಲು ಮೇಣದ ವಾಸನೆ. ಒಬ್ಬೊಬ್ಬರೂ ಎದ್ದು ತಮ್ಮ ಜಾಕೆಟ್ಟಿನ ಕಥೆ ಹೇಳಿದರು. ಗಡಿಯಾರ ರಿಪೇರಿಯವನ ಜಾಕೆಟ್ಟಿನ ಮುಂಗೈ ಮೇಜಿಗೆ ಉಜ್ಜಿ ಬೆಳ್ಳಗಾಗಿತ್ತು. ಒಬ್ಬ ಮೇಷ್ಟ್ರ ಕಿಸೆಯ ಅಂಚಿಗೆ ಸೀಮೆಸುಣ್ಣ ಹತ್ತಿ, ಎಷ್ಟು ಒರೆಸಿದರೂ ಹೋಗಿರಲಿಲ್ಲ. ಕೇಳುತ್ತಾ ಅವಳಿಗೂ ಖುಷಿಯಾಯಿತು; ಪಾಪ, ನಿರಪಾಯದ ಜನ. ಅಧ್ಯಕ್ಷರು ದಂತವೈದ್ಯರು, ಕನ್ನಡಕ ಹಣೆಗೇರಿಸಿಕೊಂಡು ಮಾತಾಡುವವರು. ಹೊಸಬರಿಗಾಗಿ ನಿಯಮ ಇನ್ನೊಮ್ಮೆ ಹೇಳಿದರು: "ಇಲ್ಲಿಗೆ ಬರೋ ಜಾಕೆಟ್ಟನ್ನ ಅದರ ಯಜಮಾನ ದಿನಾ ತೊಟ್ಟಿರಬೇಕು. ಒಂದೊಂದು ಸುಕ್ಕೂ ಸ್ವಂತ ದುಡಿಮೆಯದ್ದಾಗಿರಬೇಕು. ಉಪ್ಪುಕಾಗದ ಉಜ್ಜಿ ಹಳೇದು ಮಾಡಿದವರನ್ನ ಹೋದ ವರ್ಷ ಹೊರಗೆ ಹಾಕಿದೀವಿ."

ಉಪ್ಪುಕಾಗದ ಕಂಡುಹಿಡಿಯುವುದರಲ್ಲಿ ಅವರು ಎತ್ತಿದ ಕೈ. ಇನ್ನೊಬ್ಬರ ಮೊಣಕೈಯನ್ನು ದುಡಿಸಿಕೊಳ್ಳಬಹುದು ಅನ್ನುವುದು ಮಾತ್ರ ಆ ಪುಣ್ಯಾತ್ಮರಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಅಣ್ಣ ಎದ್ದ. ಅವನು ವಿಮಾ ಕಚೇರಿಗೆ ಟೈ ಕಟ್ಟಿ, ರೈಲಿನಲ್ಲಿ ಓಡಾಡುವವನು. ಜಾಕೆಟ್ ಹಾಕಿಕೊಂಡು ಬಂದರೆ ಸಾಹೇಬರು ಮುಖ ಸಿಂಡರಿಸುತ್ತಾರೆ. ಅವಳಿಗೆ ಅದು ಗೊತ್ತಿತ್ತು. ಎದೆಯ ಮೇಲಿನ ಹೊಳಪಿನ ಪಟ್ಟಿ ತೋರಿಸಿ, "ಇದು ಕಚೇರಿ ಚೀಲದ ಪಟ್ಟಿ ಉಜ್ಜಿದ್ದು" ಅಂದ. ದಂತವೈದ್ಯರು ಬಗ್ಗಿ ನೋಡಿ ತಲೆದೂಗಿದರು. ಆಮೇಲೆ ಬೆನ್ನು ತಿರುಗಿಸಿ ಗೀರು ತೋರಿಸಿದ. ಮೆಟ್ಟಿಲ ಮೇಲಿಂದ ಬಿದ್ದೆ, ಭುಜದ ಮೂಳೆ ಬಿರುಕು ಬಿಟ್ಟಿತು ಅಂದ.

"ಆಸ್ಪತ್ರೇಲಿ ನರ್ಸು ಕತ್ತರಿ ತಂದ್ಲು. ಕತ್ತರಿ ಹಾಕೋಕೆ ಬಿಡಲ್ಲ ಅಂದೆ. ಹಲ್ಲು ಕಚ್ಚಿ ಬಿಚ್ಚಿದೆ. ನೋವು ಇವತ್ತಿರುತ್ತೆ ನಾಳೆ ಹೋಗುತ್ತೆ, ಈ ತೊಗಲು ಮತ್ತೆ ಸಿಗುತ್ತಾ?"

ಚಪ್ಪಾಳೆ ಬಿತ್ತು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಬಾಗಿಲ ಬಳಿ ನಿಂತವಳಿಗೆ, ಆಸ್ಪತ್ರೆಗೆ ಅವನು ಓಡಿ ಬಂದದ್ದು ಯಾಕೆ, ಭಾನುವಾರ ಬಂದೊಡನೆ ತೋಳು ಹಿಡಿಯುತ್ತಿದ್ದದ್ದು ಯಾಕೆ, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅಲ್ಲೇ ಬಾಯಿ ಬಿಟ್ಟಿದ್ದರೆ ಅವನ ಮಾನ ಮೂರು ಕಾಸಿಗೆ ಹೋಗುತ್ತಿತ್ತು.  ಯಾರೋ ಕಾಫಿ ಕೊಟ್ಟರು, ಕುಡಿದಳು.

ವರ್ಷದ ಜಾಕೆಟ್ ಅಂತ ಅದನ್ನೇ ಆರಿಸಿದರು. ಆರಿಸಿದ್ದನ್ನು ಮತ್ತೆ ಯಾರೂ ತೊಡುವಂತಿಲ್ಲ, ಗಾಜಿನ ಬೀರುವಿನಲ್ಲಿ ಯಜಮಾನನ ಹೆಸರಿನ ಸಮೇತ ಇಡುವುದು ಗುಂಪಿನ ಪದ್ಧತಿ. ಅಣ್ಣ ಬಿಚ್ಚಿ ಕೊಟ್ಟ. ಗೊಂಬೆಗೆ ತೊಡಿಸಿದಾಗ ತೋಳುಗಳು ನೇತಾಡಲಿಲ್ಲ, ಪೆಟ್ಟಿಗೆ ತಬ್ಬಿದವರ ಹಾಗೆ ಮುಂದಕ್ಕೆ ಬಾಗಿ ನಿಂತವು.

ವ್ಯಾನಿನಲ್ಲಿ ಅಣ್ಣನಿಗೆ ಕಾಲು ನೆಲದ ಮೇಲಿರಲಿಲ್ಲ. ಅವಳು ಗೇರ್ ಹಾಕುತ್ತಾ ಕೇಳಿದಳು: "ನನ್ನ ಜಾಕೆಟ್ ಅಲ್ಲೇ ಇಟ್ಟು ಬಂದ್ಯಲ್ಲ, ನಾಳೆ ನಾನೇನು ಹಾಕ್ಕೊಳ್ಳಲಿ?"

"ನಿನ್ನದಾ?" ಅಂತ ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಆಮೇಲೆ ನಕ್ಕು, ಸೀಟಿನ ಹಿಂದಿನಿಂದ ಚೀಲವೊಂದನ್ನು ಎಳೆದ. "ನಿನ್ನ ಮರೀತೀನಾ? ಹೊಸದು ತಂದಿದೀನಿ. ಇದು ರೈಲ್ವೆಯವರ ಹಳೇ ಮಾದರಿ. ಇದನ್ನೂ ಹಾಗೇ ದಿನಾ ಹಾಕ್ಕೋ."

"ಬಿದ್ದಿದ್ದು ನಾನು ಕಣೋ. ಭುಜ ಮುರಿದಿದ್ದು ನನ್ನದು."

"ಅಯ್ಯೋ, ಕಥೆ ಅಂದ್ಮೇಲೆ ಸ್ವಲ್ಪ ಉಪ್ಪುಖಾರ ಬೇಡ್ವಾ? ನಿನಗೇನು ನಷ್ಟ ಆಯ್ತು ಹೇಳು? ಬೆಚ್ಚಗಿದ್ದೆ ತಾನೆ?"

ಇದನ್ನು ಅವನು ನಾಟಕಕ್ಕೆ ಹೇಳಿದ್ದಲ್ಲ. ಅವನಿಗೆ ಅಷ್ಟೇ ಕಾಣುತ್ತಿತ್ತು. ಅದೇ ಅವಳಿಗೆ ಹೆಚ್ಚು ಉರಿ ಹತ್ತಿಸಿತು. ಅವನ ಮನೆ ಮುಂದೆ ಇಳಿಸಿ, ವ್ಯಾನ್ ತಿರುಗಿಸಿಕೊಂಡು ಬಂದಳು.

ಮರುದಿನದಿಂದ ಹಳೆ ಸ್ವೆಟರಿನಲ್ಲೇ ಕೆಲಸಕ್ಕೆ ಹೋದಳು. ಚಳಿಗೆ ಭುಜದ ಹಳೇ ನೋವು ಎದ್ದಿತು. ಮೇಸ್ತ್ರಿ, "ಎಲ್ಲಿ ಹೋಯ್ತಮ್ಮ ನಿಮ್ಮಣ್ಣ ಕೊಟ್ಟಿದ್ದು?" ಅಂದ. "ಕೊಟ್ಟಿರಲಿಲ್ಲ" ಅಂದಳು. ಅವನು ಮುಖ ನೋಡಿ ಪೆಟ್ಟಿಗೆ ಎಣಿಸತೊಡಗಿದ.

ಭಾನುವಾರ ಅಣ್ಣ ಬಂದ. ಗೋಡೆಗೆ ನೇತುಹಾಕಿದ್ದ ಹೊಸ ಜಾಕೆಟ್ ಮುಟ್ಟಿ ನೋಡಿದ. "ಹಾಕ್ಕೊಂಡೇ ಇಲ್ವಲ್ಲ." ಅವಳು ಕಾಫಿಗೆ ನೀರಿಟ್ಟಿದ್ದಳು. "ಹಾಕ್ಕೊಳ್ಳಲ್ಲ" ಅಂದಳು. ಅವನು ಕಾಫಿ ಕುಡಿಯದೆ ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅವಳು ಆ ಎರಡು ದಿನವೂ ತಲೆ ಬಾಚಿಕೊಂಡು ಬಾಗಿಲು ಅರೆ ತೆಗೆದು ಕೂತಿದ್ದಳು. ನಾಚಿಕೆಗೆಟ್ಟವಳೇ, ಯಾರಿಗಾಗಿ ಕೂತಿದ್ದೀಯ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡೂ ಬಾಗಿಲು ಹಾಕಲಿಲ್ಲ.

ಕೊನೆಗೆ ತಾನೇ ಫೋನ್ ಮಾಡಿದಳು. ಎತ್ತಿದ್ದು ಅತ್ತಿಗೆ.

"ಅವರಿಗೆ ಪುರುಸೊತ್ತಿಲ್ಲ ಕಣಮ್ಮ. ಅಂದ ಹಾಗೆ, ಆ ಹೊಸ ಜಾಕೆಟ್ ನೀನು ಹಾಕ್ಕೊಳ್ಳಲ್ಲ ಅಂದ್ಯಂತೆ. ಹಾಗಾದ್ರೆ ಕೊಟ್ಟುಬಿಡು. ಅವರ ಆಫೀಸಿನ ವಾಚ್‌ಮನ್ ಹಾಕ್ಕೋತೀನಿ ಅಂದಿದಾನೆ. ಭಾನುವಾರ ಅವನ ಮನೆಗೇ ಹೋಗಿ ಮಾತಾಡ್ಕೊಂಡು ಬಂದ್ರು."

ಅವಳು ಗೋಡೆಯ ಮೇಲಿನ ಜಾಕೆಟ್ ಕಡೆ ನೋಡಿದಳು. "ಬೇಡ ಅತ್ತಿಗೆ. ಹಾಕ್ಕೋತಿದೀನಿ ಅಂತ ಅಣ್ಣನಿಗೆ ಹೇಳಿ" ಅಂದಳು.

ಮರುದಿನ ಬೆಳಗಿನ ಜಾವ ಗೋದಾಮಿಗೆ ಹೊಸ ಜಾಕೆಟ್ ತೊಟ್ಟು ಬಂದಳು. ತೋಳು ಮಡಚಲೊಲ್ಲದು, ಭುಜ ಹಿಡಿದು ಎಳೆಯುತ್ತಿತ್ತು. ಮೇಸ್ತ್ರಿ ಅವಳ ಮುಖ ನೋಡಿ, ಹಗುರದ ಪೆಟ್ಟಿಗೆಗಳನ್ನು ಅವಳ ಕಡೆ ತಳ್ಳಿದ. ಅವಳು ಅವನ್ನು ಪಕ್ಕಕ್ಕೆ ಸರಿಸಿ, ಭಾರದವನ್ನು ತೊಗಲಿಗೆ ಉಜ್ಜುವ ಹಾಗೆ ಎರಡೂ ಕೈಯಲ್ಲಿ ತಬ್ಬಿ ಎತ್ತತೊಡಗಿದಳು.