ಅಣ್ಣನ ಮರೆಯಲ್ಲಿ

ಕ್ಯಾಪ್ಟನ್ನನ ಉಪಾಯ ಕೇಳಿ ಅವನ ಕೆಳಗಿನ ಅಧಿಕಾರಿಯ ಮುಖ ಬಿಳಿಚಿಕೊಂಡಿತು. ಹಿಂದಿನ ಯುದ್ಧದಲ್ಲಿ ಮುಳುಗಿ ತಳ ಸೇರಿದ್ದ ತಮ್ಮದೇ ಪಡೆಯ ಸಬ್‌ಮರೀನಿನ ಪಕ್ಕದಲ್ಲಿ ತಮ್ಮದನ್ನೂ ಮಲಗಿಸಿಬಿಡುವುದು. ಮೇಲೆ ಬೆನ್ನಟ್ಟಿ ಬಂದಿದ್ದ ಶತ್ರು ಹಡಗಿನ ನಕ್ಷೆಯಲ್ಲಿ ಆ ಹಳೇ ಕಬ್ಬಿಣದ ಗುರುತು ಇದ್ದೇ ಇರುತ್ತದೆ. ಅದೇ ಇದು ಎಂದುಕೊಂಡು ಮುಂದೆ ಹೋಗುತ್ತಾರೆ. ಉಪಾಯವೇನೋ ಸರಿ. ಆದರೆ ಆ ಮುಳುಗಿದ ಸಬ್‌ಮರೀನಿನೊಳಗೆ ಸತ್ತವರಲ್ಲಿ ಒಬ್ಬ ಕ್ಯಾಪ್ಟನ್ನನ ಒಡಹುಟ್ಟಿದ ಅಣ್ಣ, ಅದರ ಎಂಜಿನಿಯರ್.

"ಸತ್ತೋರು ಮರೆ ಕೊಡ್ತೀವಿ ಅಂದ್ರೆ ಬೇಡ ಅನ್ನೋಕಾಗುತ್ತೇನಪ್ಪ?" ಎಂದು ಕ್ಯಾಪ್ಟನ್ ಎಂಜಿನ್ ನಿಲ್ಲಿಸಲು ಹೇಳಿದ.

ಯುದ್ಧವೆಂದರೆ ಬರೀ ತೋಪಿನ ಸದ್ದು ಎಂದು ದಡದಲ್ಲಿ ಕೂತ ದೊಡ್ಡವರು ತಿಳಿದಿರುತ್ತಾರೆ. ಇಲ್ಲಿ ಅರ್ಧ ಯುದ್ಧ ಕೆಮ್ಮು ತಡೆಯುವುದರಲ್ಲೇ ಮುಗಿಯುತ್ತದೆ. ಎಲ್ಲರೂ ಬೂಟು ಕಳಚಿದರು. ಅಡುಗೆಯವನು ಚಮಚಗಳನ್ನು ಟವೆಲಿನಲ್ಲಿ ಸುತ್ತಿಟ್ಟ. ನೀರಿನ ಸದ್ದು ಆಲಿಸುವವನು ಹೆಡ್‌ಫೋನ್ ಹಾಕಿ ಕೂತ. ಕಿವಿ ದೊಡ್ಡದೆಂದು ಅವನನ್ನು ಎಲ್ಲರೂ ಮೊಲ ಎನ್ನುತ್ತಿದ್ದರು.

ಮೊಲ ತಟ್ಟನೆ ತಲೆಯೆತ್ತಿದ. "ಸರ್, ಯಾರೋ ಬಡೀತಿದಾರೆ."

ಎಲ್ಲರ ಕೈಗಳೂ ಮಡಿಲಲ್ಲೇ ಇದ್ದವು. ಅಷ್ಟರಲ್ಲಿ ಎಲ್ಲರಿಗೂ ಕೇಳಿಸಿತು. ಟಕ್, ಟಕ್, ಟಕ್. ಪಕ್ಕದ ಹಳೇ ಕಬ್ಬಿಣದೊಳಗಿನಿಂದ.

ಕ್ಯಾಪ್ಟನ್ನನಿಗೆ ಆ ಬಡಿತ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣ ತಮ್ಮಂದಿರ ಕೋಣೆಗಳ ನಡುವೆ ಒಂದೇ ಗೋಡೆ. ಅಣ್ಣ ಮೂರು ಸಲ ಬಡಿದರೆ 'ಎಚ್ಚರ ಇದೀಯೇನೋ?' ಎಂದು. ತಮ್ಮ ಎರಡು ಬಡಿದರೆ 'ಇದೀನಿ' ಎಂದು. ಆಮೇಲೆ ಅಣ್ಣನದು ಒಂದೇ ಏಟು: 'ಹೆದರಬೇಡ, ಮಲಗು.' ಆ ಒಂದು ಏಟು ಬೀಳುವ ತನಕ ತಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ.

ಮತ್ತೆ ಮೂರು. ದಾಟಿ ಹೋಗುತ್ತಿದ್ದ ಶತ್ರು ಹಡಗು ತಿರುಗಿ ಬಂತು, ಅವರಿಗೂ ಕೇಳಿಸಿತ್ತು. ಕ್ಯಾಪ್ಟನ್ನನ ಬೆರಳ ಗೆಣ್ಣುಗಳು ತಾವಾಗಿಯೇ ಗೋಡೆಯತ್ತ ಹೋದವು. ಎರಡು ಏಟು, ಅಷ್ಟೇ. ಆದರೆ ಬದುಕಿರುವವರು ಎಲ್ಲಿದ್ದಾರೆಂದು ಶತ್ರುವಿಗೆ ತಿಳಿಯಲು ಅಷ್ಟು ಸಾಕು. ತನ್ನ ಸಬ್‌ಮರೀನಿನ ತುಂಬ ಮಕ್ಕಳೊಂದಿಗರು. ಅವನು ಆ ಕೈಯನ್ನು ಕಚ್ಚಿ ಹಿಡಿದ. ರಕ್ತದ ರುಚಿ ಬಂತು.

"ಸರ್," ಮೊಲ ಪಿಸುಗುಟ್ಟಿದ, "ಸದ್ದು ದೂರ ಹೋಗ್ತಾ ಇದೆ."

ತಳದ ಕೆಸರಲ್ಲಿ ಹೂತ ಕಬ್ಬಿಣ ಎಲ್ಲಿಗೆ ಹೋದೀತು? ಸದ್ದು ಮಾತ್ರ ಹೋಗುತ್ತಿತ್ತು. ಮೂರು ಏಟು, ಬಿಡುವು, ಮತ್ತೆ ಮೂರು. ಉತ್ತರಕ್ಕೆ ಕಾದು, ಬಾರದೆ, ಇನ್ನಷ್ಟು ಆಚೆಗೆ. ಶತ್ರು ಹಡಗು ಅದರ ಬೆನ್ನು ಹತ್ತಿತು. ಬಾಂಬುಗಳು ದೂರದಲ್ಲಿ ಸಿಡಿದವು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ಇವರು ಆ ಆಯುಸ್ಸು ಹೊತ್ತು ವಿರುದ್ಧ ದಿಕ್ಕಿಗೆ ಜಾರಿಕೊಂಡರು.

ಬಂದರು ಸೇರುವವರೆಗೂ ಕ್ಯಾಪ್ಟನ್ ಕಣ್ಣು ಮುಚ್ಚಲಿಲ್ಲ. ಅಣ್ಣ ಕರೆದಾಗ ಓಗೊಡದ ಪಾಪಿ ತಾನೆಂದು ಒಳಗೊಳಗೇ ಬೆಂದ. ಎಲ್ಲರೂ ದಡಕ್ಕಿಳಿದು ಹೋದರು. ಮೊಲ ಒಬ್ಬನೇ ಉಳಿದು ವೈರು ಸುತ್ತಿಡುತ್ತಿದ್ದ. ಕ್ಯಾಪ್ಟನ್ ತನ್ನ ಕ್ಯಾಬಿನ್ನಿಗೆ ಹೋಗಿ, ಗಾಯದ ಕೈಯಿಂದ ಹಡಗಿನ ಗೋಡೆಗೆ ಎರಡು ಸಲ ಬಡಿದ.

ಹೊರಗಿನ ನೀರಿನಿಂದ ಒಂದೇ ಏಟು ಬಂತು.

ಮೊಲ ಬಾಗಿಲಿಗೆ ಓಡಿ ಬಂದ. "ಸರ್, ಕೆಳಗೆ ಯಾರಾದ್ರೂ ಇಳಿದಿದಾರಾ?"

ಬೂಟು ಸಮೇತ ಹಾಸಿಗೆಗೆ ಒರಗಿದ ಕ್ಯಾಪ್ಟನ್ ಆಗಲೇ ನಿದ್ದೆ ಹೋಗಿದ್ದ.