ಸೆಲ್ವಮೇರಿಯ ನಡುಕ

ಶವಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಅತ್ತೆಯ ಬೆರಳುಗಳನ್ನು ಜೆನ್ನಿ ಒಂದೊಂದಾಗಿ ಬಿಡಿಸುತ್ತಿದ್ದಳು. ಹಾರ ಹಾಕಲು ಬಂದವರು ಹಿಂದೆ ಸಾಲುಗಟ್ಟಿದ್ದರು. ಕಡೆಯ ಬೆರಳು ಬಿಡಿಸುವಷ್ಟರಲ್ಲಿ ಅವಳ ಕೈ ತಾನಾಗಿಯೇ ನಿಂತಿತು. ಸೆಲ್ವಮೇರಿಯವರ ಅಂಗೈ ಒಲೆಯ ಮೇಲಿನ ಕಾವಲಿಯಂತೆ ಸುಡುತ್ತಿತ್ತು.

“ಅತ್ತೆ, ನಿಮಗೆ ಜ್ವರ ಬಂದಿದೆ.”

“ನನಗೆಂಥ ಜ್ವರ? ನಿಮ್ಮ ಮಾವನಿಗೆ ಚಳಿ ಆಗ್ತಿದೆ. ಆ ಫ್ಯಾನ್ ಆರಿಸು.”

ಹಾಗೆನ್ನುವಾಗ ಕಟಕಟಿಸುತ್ತಿದ್ದುದು ಅವರದೇ ಹಲ್ಲು. ಸುತ್ತ ಕುಳಿತು ಜಪಸರ ಹೇಳುತ್ತಿದ್ದ ಹೆಂಗಸರು ಈ ಮಾತು ಕೇಳಿದ್ದೇ ಸೆರಗಿಗೆ ಮುಖ ಒತ್ತಿಕೊಂಡರು. ಎದುರುಮನೆಯ ಪುಟ್ಟಬಸಮ್ಮ ಜೆನ್ನಿಯ ಭುಜ ತಟ್ಟಿದರು.

“ತಡೀಬೇಡ ಕಣಮ್ಮ. ಗಂಡನ್ನ ಕಳ್ಕೊಂಡೋಳು ನಡುಗದೆ ಇನ್ನೇನು ಮಾಡ್ತಾಳೆ? ಒಳಗಿರೋದೆಲ್ಲ ಹೊರಕ್ಕೆ ಬಂದ್ಬುಡ್ಲಿ.”

ಜೆನ್ನಿ ಅತ್ತೆಯ ಹಣೆ ಮುಟ್ಟಿ ನೋಡಿದಳು. ದುಃಖದ ನಡುಕ ಬಿಕ್ಕಿನೊಡನೆ ಬಂದು ಬಿಕ್ಕಿನೊಡನೆ ಹೋಗುತ್ತದೆ. ಇದು ಹಾಗಿರಲಿಲ್ಲ. ಕಣ್ಣು ಒಣಗಿದ್ದವು, ದವಡೆ ಅದುರುತ್ತಿತ್ತು, ಉಸಿರು ಓಡಿ ಬಂದವರ ಉಸಿರಿನಂತಿತ್ತು. ಇದೇ ನಡುಕವನ್ನು ಅವಳು ಹೋದ ತಿಂಗಳು ಇದೇ ಮನೆಯಲ್ಲಿ ಕಂಡಿದ್ದಳು, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಮಾವ ಇರುದಯರಾಜರ ಮೈಯಲ್ಲಿ.

* * *

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಇರುದಯರಾಜರಿಗೆ ಆಮೇಲೆ ಒದಗಿದ ಕೆಲಸ ಸಂಬಳದ್ದಲ್ಲ. ರಾಜೀವನಗರದ ಆಸುಪಾಸಿನಲ್ಲಿ ಚರ್ಚಿನವರ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುತ್ತಿದ್ದುದು ಅವರಿಗೆ. ಒಂದರ ಮೇಲೊಂದು ಎದ್ದ ಮನೆಗಳು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲುಗಳು. ಅಂಥ ಕಡೆಯಿಂದ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಬೀದಿಗಿಳಿಸುವ ಹದ ಅವರ ಹೆಗಲಿಗೆ ಗೊತ್ತಿತ್ತು. “ಸತ್ತವರಿಗೆ ಅವಸರವಿಲ್ಲ ಕಣ್ರಯ್ಯಾ, ಹೊತ್ತವರಿಗೂ ಬೇಡ” ಎಂದು ಹುಡುಗರನ್ನು ಗದರುತ್ತಿದ್ದರು.

ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿದಾಗ ಅವರಿಗೆ ನಳಿಕೆ ಹಾಕಿ ಚೀಲ ತಗುಲಿಸಿದರು. ಸೋಂಕು ಬಂತು. ಮಾತ್ರೆ ತಂದರು, ಉರಿ ಹೋಯಿತು, ನಿಲ್ಲಿಸಿದರು. ಮತ್ತೆ ಬಂತು. ಮೆಡಿಕಲ್ ಶಾಪಿನವನು ಬೇರೆ ಬಣ್ಣದ ಮಾತ್ರೆ ಕೊಟ್ಟ. ಅದನ್ನೂ ಅರ್ಧಕ್ಕೆ ಬಿಟ್ಟರು. ಅದರ ಮುಂದಿನ ಸಲ ಸೋಂಕು ಯಾವುದಕ್ಕೂ ಬಗ್ಗಲಿಲ್ಲ.

“ಈ ಬ್ಯಾಕ್ಟೀರಿಯಾ ಮಾತ್ರೆಗಳಿಗೆಲ್ಲ ಪಳಗಿಬಿಟ್ಟಿದೆ” ಎಂದರು ಆಸ್ಪತ್ರೆಯ ಡಾಕ್ಟರು. “ಇನ್ನು ಉಳಿದಿರೋದು ಡ್ರಿಪ್‌ನಲ್ಲಿ ಕೊಡೋ ಒಂದೆರಡು ಔಷಧಿ. ಮನೆಯಲ್ಲಿ ಹುಷಾರಾಗಿರಿ. ಇದು ಗಾಳಿಯಲ್ಲಿ ಹಾರಿ ಬರಲ್ಲ, ಕೈಯಿಂದ ಕೈಗೆ ಬರುತ್ತೆ. ಗಟ್ಟಿಮುಟ್ಟಾಗಿರೋರ ಹೊಟ್ಟೇಲೂ ಸದ್ದಿಲ್ಲದೆ ಕೂತಿರಬಹುದು. ಚೀಲ ಖಾಲಿ ಮಾಡೋವಾಗ ಗ್ಲೌಸ್ ಹಾಕಿ, ಆಮೇಲೆ ಸೋಪು ಹಚ್ಚಿ ಕೈ ತೊಳೀರಿ. ಟವೆಲು, ಮಗ್ಗು ಬೇರೆ ಇಡಿ.”

ಜೆನ್ನಿ ಗ್ಲೌಸಿನ ಡಬ್ಬಿ ತಂದಳು. ಸೆಲ್ವಮೇರಿ ಅದನ್ನು ಬೀರುವಿನ ತಲೆಯ ಮೇಲಿಟ್ಟರು.

“ರಬ್ಬರ್ ಹಾಕ್ಕೊಂಡು ಮುಟ್ಟೋಕೆ ಇವರೇನು ಕರೆಂಟ್ ಕಂಬಾನಾ?”

“ಮದುವೆ ಆದಾಗಿಂದ ಶಾಕ್ ಹೊಡೆಸ್ಕೊಂಡಿರೋನು ನಾನು ಕಣೇ” ಎಂದು ಮಂಚದಿಂದ ಇರುದಯರಾಜರು ನಕ್ಕರು. ಎಲ್ಲರೂ ನಕ್ಕರು. ಇಬ್ಬರಿಗೂ ಟವೆಲು ಒಂದೇ ಉಳಿಯಿತು.

* * *

ಸೀರೆ ಸರಿಪಡಿಸುವ ನೆಪದಲ್ಲಿ ಜೆನ್ನಿ ಅತ್ತೆಯನ್ನು ಒಳಕೋಣೆಗೆ ಕರೆತಂದು ಬಾಗಿಲು ಮುಂದೆ ಮಾಡಿದಳು. ಕಿಟಕಿಗೆ ಅಡ್ಡವಾಗಿ ಶಾಮಿಯಾನದ ಬಟ್ಟೆ ಇಳಿಬಿದ್ದಿತ್ತು. ಗಾಳಿಯಿರಲಿಲ್ಲ.

“ಅತ್ತೆ, ನಿಜ ಹೇಳಿ. ಒಂದಕ್ಕೆ ಹೋದರೆ ಉರಿಯುತ್ತಾ?”

ಸೆಲ್ವಮೇರಿ ಮುಖ ತಿರುಗಿಸಿದರು. “ಹೋದ ವಾರದಿಂದ ಇತ್ತು. ಅವರ ಮಾತ್ರೆ ಉಳಿದಿತ್ತಲ್ಲ, ಅದನ್ನೇ ದಿನಕ್ಕೊಂದು ನುಂಗಿದೆ. ಅವರ ಪಾಡೇ ಅಷ್ಟಿರುವಾಗ ನನ್ನದನ್ನ ಎಲ್ಲಿ ಹೇಳಲಿ?”

“ಈಗ?”

“ಈಗ ಉರಿ ಇಲ್ಲ. ಬೆಳಿಗ್ಗೆಯಿಂದ ಒಂದಕ್ಕೇ ಬಂದಿಲ್ಲ. ಇಲ್ಲಿ ಬೆನ್ನಲ್ಲಿ ಮಾತ್ರ ಚುಚ್ಚುತ್ತೆ.”

ಬಾಗಿಲು ತಳ್ಳಿಕೊಂಡು ಗಂಡ ಸ್ಟ್ಯಾನ್ಲಿ ಬಂದ. ಅವನ ಹಿಂದೆ ಅವನ ಅಕ್ಕ ಬೀನಾ. ಜೆನ್ನಿ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿ, “ಈಗಲೇ ಆಸ್ಪತ್ರೆಗೆ ಹೋಗಬೇಕು” ಎಂದಳು.

“ಈಗಲೇ?” ಬೀನಾಳ ಕಣ್ಣು ಊದಿಕೊಂಡಿದ್ದವು. “ಇನ್ನೇನು ಎತ್ತೋ ಹೊತ್ತು. ಊರಿನ ಹೆಣಕ್ಕೆಲ್ಲ ಹೆಗಲು ಕೊಟ್ಟೋರು ನಮ್ಮಪ್ಪ. ಅವರ ಪೂಜೆಗೆ ಹೆಂಡತೀನೇ ಇಲ್ಲ ಅಂದ್ರೆ ಚರ್ಚಲ್ಲಿ ಏನಂತಾರೆ? ಒಂದು ಜ್ವರದ ಮಾತ್ರೆ ಕೊಡು. ಮಣ್ಣಾದ ತಕ್ಷಣ ನಾನೇ ಕರ್ಕೊಂಡು ಹೋಗ್ತೀನಿ.”

“ಮಾವನಿಗೂ ಹಾಗೇ ಅಂದ್ವಿ ಅಕ್ಕ. ಭಾನುವಾರದ ಪೂಜೆ ಮುಗೀಲಿ ಅಂತ ಕಾದ್ವಿ. ಸಂಜೆ ಅವರು ನನ್ನನ್ನೇ ‘ಯಾರಮ್ಮ ನೀನು’ ಅಂತ ಕೇಳಿದ್ರು.”

“ಆಂಬುಲೆನ್ಸ್ ಕರೆದರೂ ಒಳಗೆ ಬರಲ್ಲ” ಎಂದ ಸ್ಟ್ಯಾನ್ಲಿ. “ಗಲ್ಲಿ ತುಂಬ ಕುರ್ಚಿ, ಬಾಯಿಗೆ ಅಡ್ಡವಾಗಿ ಚರ್ಚಿನ ವ್ಯಾನು. ಸೈಕಲ್ಲೂ ತೂರಲ್ಲ.”

“ಯಾರೂ ಜಗಳ ಆಡ್ಬೇಡಿ” ಎಂದರು ಸೆಲ್ವಮೇರಿ, ಮಂಚದ ಕಾಲನ್ನು ತಬ್ಬಿ. “ಅವರನ್ನ ಬಿಟ್ಟು ನಾನು ಹೊಸ್ತಿಲು ದಾಟಲ್ಲ.”

ಜೆನ್ನಿ ಅವರ ಮುಖವನ್ನೇ ನೋಡಿದಳು. ಬಾಗಿಲಿನಾಚೆ ಜಪ, ಕಿಟಕಿಯಾಚೆ ಬಟ್ಟೆ. ಇಷ್ಟು ಜನರ ನಡುವೆ ಅತ್ತೆಯನ್ನು ಹೊರಗೊಯ್ಯಲು ತೆರೆದಿದ್ದ ದಾರಿ ಒಂದೇ: ಶವ ಹೋಗುವ ದಾರಿ.

“ಬಿಡಬೇಡಿ ಅತ್ತೆ” ಎಂದಳು. “ಅವರ ಜೊತೇಲೇ ಹೊರಡಿ.”

* * *

ಚರ್ಚಿನ ವ್ಯಾನಿನ ಬಾನೆಟ್ಟಿಗೆ ಒರಗಿ ಡ್ರೈವರ್ ಆಂಟೋ ಟೀ ಕುಡಿಯುತ್ತಿದ್ದ. ಜೆನ್ನಿಯ ಮಾತು ಕೇಳಿ ಲೋಟವನ್ನು ಕೆಳಗಿಟ್ಟ.

“ಶವದ ವ್ಯಾನಲ್ಲಿ ಆಸ್ಪತ್ರೆಗಾ? ಅಕ್ಕ, ಅಲ್ಲಿಂದ ಇಲ್ಲಿಗೆ ತರೋದು ನನ್ನ ಕೆಲಸ. ಉಲ್ಟಾ ಹೋದ್ರೆ ಜನ ನಗ್ತಾರೆ. ಫಾದರ್ ಕೆಲಸದಿಂದ ತೆಗೀತಾರೆ.”

“ಪೂಜೆ ಸ್ವಲ್ಪ ತಡವಾಗುತ್ತೆ ಅಷ್ಟೇ. ಫಾದರ್‌ಗೆ ನಾನು ಹೇಳ್ತೀನಿ.”

“ಅಂಗಲ್ಲ ಅಕ್ಕ…”

ಜೆನ್ನಿಯ ಹಿಂದೆಯೇ ಇಳಿದು ಬಂದಿದ್ದ ಪುಟ್ಟಬಸಮ್ಮ ಸೊಂಟಕ್ಕೆ ಕೈಯಿಟ್ಟರು. “ಎಂಗಲ್ಲ? ಜೀವ ಇರೋರನ್ನ ಕೂರಿಸ್ಕೊಂಡ್ರೆ ನಿನ್ ಗಾಡಿಗೆ ಮೈಲಿಗೆ ಆಗ್ಬುಡ್ತದಾ?”

ಆಂಟೋ ಟೀ ಚೆಲ್ಲಿ ಕೀಲಿ ತೆಗೆದುಕೊಂಡ.

ಫಾದರ್‌ಗೆ ಫೋನ್ ಮಾಡಿ ಜೆನ್ನಿ ಮೇಲೆ ಬರುವಷ್ಟರಲ್ಲಿ ಕಡೆಯ ಪ್ರಾರ್ಥನೆ ಮುಗಿದಿತ್ತು. ಪೆಟ್ಟಿಗೆ ಎತ್ತಿದರು. ಮೊದಲ ಮಹಡಿಯಿಂದ ಇಳಿಯುವ ಮೆಟ್ಟಿಲು ಅರ್ಧದಲ್ಲಿ ತಿರುಗುತ್ತದೆ. ಅಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು.

“ಎಡಕ್ಕೆ ವಾಲಿಸೋ.”

“ಎಡಕ್ಕೆ ಗೋಡೆ ಐತೆ ಕಣೋ.”

“ಹಿಂದಕ್ಕೆ ತಗೊಳ್ರಿ, ಹಿಂದಕ್ಕೆ!”

ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ಮೇಲಿನ ಮೆಟ್ಟಿಲ ತುಂಬ ಹೆಂಗಸರು ಇಳಿದು ನಿಂತಿದ್ದರು. ಅವರ ನಡುವೆ ಜೆನ್ನಿ ಮತ್ತು ಬೀನಾಳ ತೋಳಿಗೆ ಜೋತು ಸೆಲ್ವಮೇರಿ. ಕೆಳಗಿನವರು ಹತ್ತುವಂತಿಲ್ಲ, ಮೇಲಿನವರು ಇಳಿಯುವಂತಿಲ್ಲ. ಹೂವು, ಊದುಬತ್ತಿ, ಬೆವರಿನ ವಾಸನೆ ಅಲ್ಲೇ ಹೆಪ್ಪುಗಟ್ಟಿತು. ಜೆನ್ನಿಯ ಕುತ್ತಿಗೆಗೆ ಅತ್ತೆಯ ಬಿಸಿಯುಸಿರು ಮೇಲಿಂದ ಮೇಲೆ ಬಡಿಯುತ್ತಿತ್ತು. ಎಣಿಸಲಾಗದಷ್ಟು ಬೇಗ.

“ಅಪ್ಪ ಇದ್ದಿದ್ರೆ ಒಂದೇ ಮಾತಲ್ಲಿ ಇಳಿಸಿಬಿಡೋರು” ಎಂದು ಕೆಳಗಿನಿಂದ ಸ್ಟ್ಯಾನ್ಲಿಯ ದನಿ ಒಡೆಯಿತು.

ಸೆಲ್ವಮೇರಿ ಪೆಟ್ಟಿಗೆಯ ಕಡೆ ಬಾಗಿದರು.

“ಏನೂಂದ್ರೆ, ನೀವೇ ಎದ್ದು ಬಂದು ಒಂದು ಕೈ ಹಿಡೀರಿ. ಈ ಹುಡುಗರಿಗೆ ಆಗಲ್ಲ.”

ಮೆಟ್ಟಿಲುದ್ದಕ್ಕೂ ಅಳು ಹೊಮ್ಮಿತು. ಹೊತ್ತವರ ಕಣ್ಣಲ್ಲೂ ನೀರು. ಬೀನಾ ಅಮ್ಮನನ್ನು ಎದೆಗೊತ್ತಿಕೊಂಡು, “ಅಮ್ಮಾ, ಹಂಗನ್ಬೇಡಮ್ಮಾ” ಎಂದಳು. ಸೆಲ್ವಮೇರಿ ತಲೆಯೆತ್ತಿ, ಗುರುತಿಲ್ಲದವರ ಮನೆಗೆ ಬಂದವರ ಸಂಕೋಚದಿಂದ ಮಗಳನ್ನು ನೋಡಿದರು.

“ನೀನು ಯಾರ ಪೈಕಿಯಮ್ಮ?”

ಬೀನಾಳ ಅಳು ನಿಂತುಹೋಯಿತು. ಅವಳು ಜೆನ್ನಿಯ ಕಡೆ ತಿರುಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕಿರುಚಿದಳು:

“ನಿಲ್ಲಿಸಿ ಎತ್ರೋ ಪೆಟ್ಟಿಗೇನ! ಉದ್ದಕ್ಕೆ ನಿಲ್ಲಿಸಿ! ಅಪ್ಪಂಗೆ ನೋವಾಗಲ್ಲ. ದಾರಿ ಬಿಡಿ ಮೊದಲು!”

* * *

ದೊಡ್ಡ ರಸ್ತೆಗೆ ಬಂದಾಗ ವ್ಯಾನು ಚರ್ಚಿನ ಕಡೆ ಹೊರಳದೆ ಎದುರು ದಿಕ್ಕಿಗೆ ಹೊರಳಿತು. ಹಿಂದೆ ಬರುತ್ತಿದ್ದ ಕಾರು, ಸ್ಕೂಟರುಗಳು ಒಂದು ಕ್ಷಣ ಗಲಿಬಿಲಿಗೊಂಡವು, ಹಾರ್ನ್ ಹೊಡೆದವು, ಕೊನೆಗೆ ಹೆಣದ ಹಿಂದೆ ಹೋಗುವುದೇ ಸರಿಯೆಂದು ಅವೂ ಹೊರಳಿದವು. ಒಳಗೆ ಪೆಟ್ಟಿಗೆಯ ಒಂದು ಬದಿ ಬೀನಾ, ಇನ್ನೊಂದು ಬದಿ ಜೆನ್ನಿಯ ಹೆಗಲಿಗೆ ತಲೆಯಿಟ್ಟ ಸೆಲ್ವಮೇರಿ.

ಎಮರ್ಜೆನ್ಸಿಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ.

“ಬಾಡಿ ಗಾಡಿ ಇಲ್ಲಿ ಬಿಡಲ್ಲ ಕಣ್ರೀ. ಹಿಂದಿನ ಗೇಟಿಗೆ ಹೋಗಿ.”

“ಮಲಗಿರೋರಲ್ಲಪ್ಪ” ಎಂದಳು ಬೀನಾ. “ಕೂತಿರೋರು.”

ಅವನು ಇಣುಕಿ ನೋಡಿದ. ಗೇಟು ತೆರೆದ.

ಡಾಕ್ಟರು ಬಿಪಿ ನೋಡಿದರು, ಉಗುರು ನೋಡಿದರು, ಮನೆಯಲ್ಲಿ ಯಾರಿಗೆ ಏನಾಗಿತ್ತೆಂದು ಕೇಳಿದರು. ಜೆನ್ನಿ ಮಾವನ ಹೆಸರು ಹೇಳಿದಾಗ ಅವರ ಪೆನ್ನು ನಿಂತಿತು. ರಕ್ತ ತೆಗೆದು ಡ್ರಿಪ್ ಹಾಕಿಸಿ, “ಬೇಗ ಕರೆತಂದಿದ್ದೀರಿ. ಔಷಧಿ ಹಿಡಿಯುತ್ತಾ ಅಂತ ಎರಡು ದಿನ ಕಾಯಬೇಕು. ಬೇರೆ ರೋಗಿಗಳ ಜೊತೆ ಇಡುವಂತಿಲ್ಲ” ಎಂದರು. ನರ್ಸು ಹಿಂಜರಿದಳು. ಬೇರೆಯಾಗಿ ಇಡಲು ಖಾಲಿಯಿದ್ದುದು ಒಂದೇ ಕೋಣೆ, ಮೊನ್ನೆ ಮಾವ ತೀರಿಕೊಂಡಾಗ ಖಾಲಿಯಾದದ್ದು.

ಮೂರನೆಯ ಮಹಡಿಯ ಆ ಕೋಣೆಯ ಕಿಟಕಿಗೆ ತೆರೆಯಲಾಗದ ಗಾಜು. ಕೆಳಗೆ ಆಂಟೋ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದ. ಸ್ಟ್ಯಾನ್ಲಿ, ಬೀನಾ ಹತ್ತಿ ಕುಳಿತರು. ಹಾರಗಳನ್ನು ಕೈಯಲ್ಲೇ ಹಿಡಿದು ರೋಗಿಗಳ ಸಾಲಿನ ಪಕ್ಕ ಕಾದಿದ್ದವರು ಒಬ್ಬೊಬ್ಬರಾಗಿ ಸ್ಕೂಟರು ಸ್ಟಾರ್ಟ್ ಮಾಡಿದರು. ಸದ್ದು ಒಂದೂ ಮೇಲಕ್ಕೆ ಬರಲಿಲ್ಲ.

ಹಾಸಿಗೆಯ ಮೇಲೆ ಸೆಲ್ವಮೇರಿ ಕಿಟಕಿಯ ಕಡೆ ಕತ್ತು ಹೊರಳಿಸಿದರು. ಆಕ್ಸಿಜನ್ ಮಾಸ್ಕನ್ನು ಮೂಗಿನಿಂದ ಪಕ್ಕಕ್ಕೆ ಸರಿಸಿದರು.

“ಗಾಡಿ ಯಾಕೆ ಹೊರಟೇಬಿಡ್ತು? ನಾನಿನ್ನೂ ಹತ್ತಿಲ್ವಲ್ಲ.”

ಜೆನ್ನಿ ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದಳು. ಕೆಳಗೆ ಕಡೆಯ ಸ್ಕೂಟರು ದಾಟಿತು. ಕಾವಲುಗಾರ ಗೇಟನ್ನು ಎಳೆದು ಮುಚ್ಚಿದ.