ಕುಂಚ ಒರೆಸಿದ ಗೋಡೆ

ನಾನು ಆಕೆಯನ್ನು ಮೊದಲು ಕಂಡ ದಿನ ಆಕೆ ನಮ್ಮ ಶಾಲೆಯ ಹಿಂಗೋಡೆಗೆ ಕೆನ್ನೆ ತಾಗಿಸಿಕೊಂಡು ನಿಂತಿದ್ದಳು. ತಲೆ ಸುತ್ತಿ ಬಂದಿರಬೇಕು ಎಂದುಕೊಂಡು ನಾನು ಪಾಠವನ್ನು ಅರ್ಧಕ್ಕೆ ನಿಲ್ಲಿಸಿ, ನೀರಿನ ಲೋಟ ಹಿಡಿದು ಹೊರಗೆ ಓಡಿದೆ. ಹತ್ತಿರ ಹೋದಾಗ ತಿಳಿಯಿತು: ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯ ಮೇಲೆ ಬಿಸಿಲು ಎಷ್ಟು ಓರೆಯಾಗಿ ಬೀಳುತ್ತಿದೆ ಎಂದು ನೋಡುತ್ತಿದ್ದಳು. ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ನೀರನ್ನು ಗಟಗಟನೆ ಕುಡಿದು, ಲೋಟ ಹಿಂದಕ್ಕೆ ಕೊಟ್ಟು, ಹಳೆಯ ಪರಿಚಯದವಳಂತೆ ಕೇಳಿದಳು:

“ಈ ಗೋಡೆಗೆ ಬಣ್ಣ ಹೊಡೆಸ್ತಾರಂತೆ, ಹೌದಾ ಮೇಷ್ಟ್ರೇ?”

“ಹೌದಮ್ಮ, ಮುಂದಿನ ವಾರ. ನೋಡು, ಹೇಗೆ ಗಬ್ಬೆದ್ದು ಹೋಗಿದೆ.”

“ಅಯ್ಯೋ, ಇರಲಿ ಬಿಡಿ. ಈಗಷ್ಟೇ ಚೆನ್ನಾಗಿ ಆಗ್ತಾ ಇದೆ.”

ಮಳೆನೀರು ಇಳಿದು ಹಸಿರು ಕಪ್ಪು ಗೆರೆಗಳೆದ್ದಿದ್ದ, ಮಕ್ಕಳ ಚೆಂಡಿನ ಏಟಿಗೆ ಅಲ್ಲಲ್ಲಿ ಗಾರೆ ಉದುರಿದ್ದ ಗೋಡೆಯನ್ನು, ಒಲೆಯ ಮೇಲಿನ ಅಡುಗೆಯನ್ನು ಹೇಳುವ ಹಾಗೆ ‘ಚೆನ್ನಾಗಿ ಆಗ್ತಾ ಇದೆ’ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಇರಲಿ ಬಿಡಿ’ ಎಂಬುದು ಆಕೆಯ ಉಸಿರಿನಷ್ಟೇ ಸಹಜವಾದ ಮಾತು. ಚಹಾ ಆರಿಹೋದರೆ ಇರಲಿ ಬಿಡಿ, ಕೊಡೆಯ ಕಡ್ಡಿ ಮುರಿದರೆ ಇರಲಿ ಬಿಡಿ, ಬಾಗಿಲು ಕಿರುಗುಟ್ಟಿದರೆ ಅದೂ ಇರಲಿ. ನಡಿಗೆಯೂ ಲೋಕದ ರೀತಿಯದಲ್ಲ. ಎಲ್ಲರೂ ರಸ್ತೆಗೆ ಮುಖ ಮಾಡಿ ನಡೆದರೆ ಆಕೆ ಗೋಡೆಗೆ ಮುಖ ಮಾಡಿ ನಡೆಯುವಳು. ದೀಪದ ಕಂಬಕ್ಕೆ ಡಿಕ್ಕಿ ಹೊಡೆದು ಕಂಬಕ್ಕೇ ‘ಸಾರಿ’ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈಮೇಲೆ ಸದಾ ತೀರಿಹೋದ ತಂದೆಯ ಬೂದುಬಣ್ಣದ ಕೋಟು. ಅದರ ಎಡತೋಳು ಗೋಡೆಗಳಿಗೆ ಉಜ್ಜಿ ಉಜ್ಜಿ ಸುಣ್ಣದ ಬಣ್ಣಕ್ಕೆ ತಿರುಗಿ, ಬಲತೋಳು ಮಾತ್ರ ಬೂದುಬಣ್ಣದಲ್ಲೇ ಉಳಿದು, ದೂರದಿಂದ ನೋಡಿದರೆ ಎರಡು ಕೋಟುಗಳನ್ನು ಸೇರಿಸಿ ಹೊಲಿದಂತೆ ಕಾಣುತ್ತಿತ್ತು. ಬೀದಿಯ ಮಕ್ಕಳು ‘ಗೋಡೆಯಕ್ಕ’ ಎಂದು ಕರೆದರು, ಆಕೆ ಓಗೊಟ್ಟಳು, ಹೆಸರು ನಿಂತುಬಿಟ್ಟಿತು.

ಆಕೆಯ ಹೊಟ್ಟೆಪಾಡು ವೆಬ್‌ಸೈಟುಗಳ ವಿನ್ಯಾಸ. ಹಲ್ಲಿನ ಡಾಕ್ಟರಿಗೊಂದು, ಬೇಕರಿಗೊಂದು, ಬಾಡಿಗೆ ಕಾರಿನವರಿಗೊಂದು ಎಂದು ಮಾಡಿಕೊಡುತ್ತಿದ್ದಳು. ಮನಸ್ಸೆಲ್ಲ ಇದ್ದದ್ದು ಗೋಡೆಗಳಲ್ಲಿ. ವೆಬ್ ಪುಟದಲ್ಲಿ ಅಕ್ಷರ, ಚಿತ್ರ ಬಂದು ಕೂರುವ ಮೊದಲು ಕೆಳಗೊಂದು ಹಾಸು ಬೇಕಷ್ಟೆ. ಬರಿಯ ಬಿಳಿ ಹಾಸಿದರೆ ಆಸ್ಪತ್ರೆಯ ಮಂಚದ ಹಾಗಿರುತ್ತದೆ ಎಂದು ಆಕೆಯ ವಾದ. ಅದಕ್ಕಾಗಿ ಸುಲಿದ ಬಣ್ಣ, ತುಕ್ಕು, ಪಾಚಿ, ಬಿರುಕುಗಳ ಚಿತ್ರ ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ತನ್ನ ಪುಟದಲ್ಲಿ ಇಡುತ್ತಿದ್ದಳು. ಎಲ್ಲೆಲ್ಲಿಯೋ ಇರುವ ಡಿಸೈನರುಗಳು, ಕಂಪ್ಯೂಟರಿನಲ್ಲೇ ಚಿತ್ರ ಬರೆಯುವ ಕಲಾವಿದರು ಬಂದು ಒಯ್ಯುತ್ತಿದ್ದರು.

ಈ ಕಸುಬಿನವರು ಇಂಥ ಚಿತ್ರಗಳಿಗೆ ‘ತುಕ್ಕು ಒಂದು’, ‘ತುಕ್ಕು ಎರಡು’ ಎಂದು ಹೆಸರಿಡುವುದು ವಾಡಿಕೆ. ಆಕೆ ಇಟ್ಟ ಹೆಸರುಗಳೇ ಬೇರೆ. ‘ಹಲ್ಲುನೋವಿನ ಮಧ್ಯಾಹ್ನ’, ‘ಬಸ್ಸು ತಪ್ಪಿದ ಬೆಳಗ್ಗೆ’. ನಮ್ಮ ಶಾಲೆಯ ಗೋಡೆ ‘ಮೇಷ್ಟ್ರ ಮಳೆಗಾಲ’ವಾಯಿತು. ಕಪ್ಪಗೆ ಹಬ್ಬಿದ ಒಂದು ಕಲೆಗೆ ‘ಅತ್ತಿಗೆಯ ಮುನಿಸು’ ಎಂದಿಟ್ಟಾಗ ಆಕೆಯ ಅಣ್ಣ ಕೆಂಡವಾದ.

“ನನ್ನ ಹೆಂಡತಿ ಮುನಿಸನ್ನ ಪ್ರಪಂಚಕ್ಕೆಲ್ಲ ಹಂಚ್ತೀಯಲ್ಲೇ ಪುಟ್ಟಿ!”

“ನೀನೊಬ್ಬನೇ ಅನುಭವಿಸಿದ್ರೆ ಸಾಕಾ ಅಣ್ಣಾ?”

ಈ ಅಣ್ಣ ಬಣ್ಣದ ಅಂಗಡಿಯವನು. ತಂಗಿ ಕಂಡಕಂಡವರಿಗೆ ಗೋಡೆ ಹಾಗೇ ಇರಲಿ ಎಂದು ಹೇಳಿಕೊಂಡು ತಿರುಗುವುದು ಅವನಿಗೆ ನುಂಗಲಾರದ ತುತ್ತಾಗಿತ್ತು. “ಮೇಷ್ಟ್ರೇ, ನೀವಾದ್ರೂ ಬುದ್ಧಿ ಹೇಳಿ. ನಾನು ಬಣ್ಣ ಮಾರೋನು, ಇವಳು ಬಣ್ಣ ಹೊಡೀಬೇಡಿ ಅನ್ನೋಳು. ಒಂದೇ ಹೊಟ್ಟೇಲಿ ಹುಟ್ಟಿದೀವಿ ಅಂದ್ರೆ ಯಾರಾದ್ರೂ ನಂಬ್ತಾರಾ?” ಎಂದು ನನ್ನ ಮುಂದೆ ಗೋಳಾಡುತ್ತಿದ್ದ. ಚಿತ್ರದ ಮೂಲೆಯಲ್ಲಿ ನಿನ್ನ ಹೆಸರನ್ನಾದರೂ ಹಾಕು ಎಂದು ಪೀಡಿಸಿದ. “ಗೋಡೆ ಕೆಡುತ್ತೆ” ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಅವರ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಕುಂಚವನ್ನು ತಾವು ಕೆಲಸ ಮಾಡುವ ಶೆಡ್ಡಿನ ಗೋಡೆಗೆ ಒರೆಸುವುದು ಅವರ ಅಭ್ಯಾಸ. ಜೀವಮಾನವೆಲ್ಲ ಒರೆಸಿದ ಬಣ್ಣ ಆ ಗೋಡೆಯಲ್ಲಿ ಪದರ ಪದರವಾಗಿ ಬೆರಳಿನಷ್ಟು ದಪ್ಪ ಕಟ್ಟಿತ್ತಂತೆ. ಅವರು ತೀರಿಕೊಂಡ ಮೇಲೆ ರಸ್ತೆ ಅಗಲ ಮಾಡಲು ಆ ಶೆಡ್ಡನ್ನು ಕೆಡವುವವರಿದ್ದರು. ಮಗಳು ಯಾರದೋ ಕ್ಯಾಮೆರಾ ಕೇಳಿ ತಂದು ಗೋಡೆಯ ಚಿತ್ರ ತೆಗೆದಿಟ್ಟಳು. ಆಕೆ ತೆಗೆದ ಮೊದಲ ಗೋಡೆ ಅದು. ಹೆಸರು: ‘ಅಪ್ಪ ಇಲ್ಲಿ ಒರೆಸಿದರು’.

ನಾನು ನಿವೃತ್ತನಾದ ಮೇಲೆ ಆಕೆ ನಮ್ಮ ಮನೆಗೆ ಆಗಾಗ ಬರುವುದು ರೂಢಿಯಾಯಿತು. “ಆ ಹುಡುಗಿ ಬಂದ್ರೆ ಅಡುಗೆಮನೆ ಕಡೆ ಬಿಡಬೇಡಿ, ಹೊಗೆ ಹಿಡಿದ ಗೋಡೆ ನೋಡಿದ್ರೆ ಇನ್ನು ಈ ಜನ್ಮಕ್ಕೆ ಸುಣ್ಣ ಇಲ್ಲ” ಎಂದು ನನ್ನ ಹೆಂಡತಿ ಎಚ್ಚರಿಸುವಳು. ತಾನೇ ಕರೆದುಕೊಂಡು ಹೋಗಿ ತೋರಿಸುವಳು.

ಒಂದು ದಿನ ಕೋಟಿಲ್ಲದೆ ಬಂದಳು. ಏನೋ ಆಗಿದೆ ಎಂದು ಅದನ್ನು ಕಂಡೇ ತಿಳಿಯಿತು. ಆಕೆಯ ಚಿತ್ರಗಳಿಗೆ ಇಂಟರ್ನೆಟ್ಟಿನಲ್ಲಿ ಇಷ್ಟು ವರ್ಷ ಜಾಗ ಕೊಟ್ಟಿದ್ದ ಕಂಪನಿ ಬಾಗಿಲು ಮುಚ್ಚಿ, ಪುಟವೇ ಅಳಿಸಿಹೋಗಿತ್ತು. ಮುನ್ಸೂಚನೆಯನ್ನು ಆಕೆ ಎಂದೋ ತೆರೆಯುವುದನ್ನು ಬಿಟ್ಟಿದ್ದ ಹಳೆಯ ಇ-ಮೇಲಿಗೆ ಕಳಿಸಿದ್ದರಂತೆ. ಹೋಗಲಿ, ಮನೆಯ ಹಾರ್ಡ್ ಡಿಸ್ಕುಗಳಲ್ಲಿ ಎಲ್ಲವೂ ಇದೆಯಲ್ಲ ಎಂದು ಗೋಡೆಯ ಬೀರು ತೆರೆದರೆ, ಒಳಗೆಲ್ಲ ಬೂಷ್ಟು, ಒಂದು ಡಿಸ್ಕೂ ತೆರೆಯಲಿಲ್ಲ. ಬೀರುವಿನ ಹಿಂದಿನ ಗೋಡೆಗೆ ಮೊದಲಿನಿಂದಲೂ ನೀರು ಜಿನುಗುತ್ತಿತ್ತು. ಮನೆಯ ಯಜಮಾನಿ ರಿಪೇರಿ ಮಾಡಿಸಲು ಬಂದಾಗಲೆಲ್ಲ, ಕಲೆ ಚೆನ್ನಾಗಿ ಹಬ್ಬುತ್ತಿದೆ, ಚಿತ್ರ ತೆಗೆಯುತ್ತಿದ್ದೇನೆ, ಇರಲಿ ಬಿಡಿ ಎಂದು ಈಕೆಯೇ ವಾಪಸು ಕಳಿಸಿದ್ದಳು.

“ಸ್ವಂತ ಮನೆ ಅಂದ್ಕೊಂಡಿದ್ದೆ ಮೇಷ್ಟ್ರೇ ಇಂಟರ್ನೆಟ್ಟನ್ನ. ಬಾಡಿಗೆ ಮನೆ ಅದು,” ಎಂದಳು. “ಬೇರೆ ಗೋಡೆ ಹೋದ್ರೆ ಹೋಗ್ಲಿ. ಅಪ್ಪಂದು ಎಲ್ಲಿಂದ ತರ್ಲಿ?”

ಎಷ್ಟೋ ದಿನ ಆಕೆಯ ಬಾಯಿಂದ ‘ಇರಲಿ ಬಿಡಿ’ ಹೊರಡಲಿಲ್ಲ. ಈಗ ಯಂತ್ರವೇ ಕೇಳಿದ ಕ್ಷಣಕ್ಕೆ ಬೇಕಾದ ಗೋಡೆ ಬರೆದುಕೊಡುತ್ತದೆ, ಚಿಂತೆ ಏಕೆ ಎಂದು ಜೊತೆಯ ಡಿಸೈನರೊಬ್ಬ ಸಮಾಧಾನ ಹೇಳಿ ಒಂದನ್ನು ಕಳಿಸಿದ. ಆಕೆ ಅದನ್ನು ಬಹಳ ಹೊತ್ತು ನೋಡಿದಳು. “ಚೆನ್ನಾಗಿದೆ. ಆದ್ರೆ ಮಳೆ ಯಾವ ಕಡೆಯಿಂದ ಬಂತು ಅಂತ ಈ ಗೋಡೆಗೆ ಗೊತ್ತಿಲ್ಲ,” ಎಂದು ಪರದೆಯನ್ನು ಮುಚ್ಚಿದಳು.

ದಾರಿ ತೋರಿಸಿದವನು ಅಣ್ಣ, ಅದೂ ಬೈಯುತ್ತಾ. “ನಿನ್ನ ಹೆಸರಂತೂ ಹಾಕಲಿಲ್ಲ. ಆ ಗೋಡೆಗಳಿಗೆ ಇಟ್ಟೆಯಲ್ಲ ಹುಚ್ಚುಹುಚ್ಚು ಹೆಸರು, ಅದನ್ನೇ ಹೇಳಿ ಕೇಳು. ಅಂಥ ಹೆಸರು ಇನ್ಯಾವ ಪುಣ್ಯಾತ್ಮ ಇಟ್ಟಿರ್ತಾನೆ?” ಆಕೆ ತಲೆಯೆತ್ತಿದಳು. ಡೌನ್‌ಲೋಡ್ ಮಾಡಿಕೊಂಡ ಫೈಲಿನ ಹೆಸರು ಬದಲಿಸುವಷ್ಟು ವ್ಯವಧಾನ ಆ ಕಸುಬಿನಲ್ಲಿ ಯಾರಿಗೂ ಇರುವುದಿಲ್ಲವಂತೆ. ಡಿಸೈನರುಗಳು ಕೂಡಿ ಹರಟುವ ಜಾಗಗಳಲ್ಲೆಲ್ಲ ಆ ಹೆಸರುಗಳನ್ನು ಬರೆದು, ಯಾರ ಬಳಿಯಾದರೂ ಇವೆಯೇ ಎಂದು ಕೇಳಿದಳು.

ಮೊದಲು ಬಂದದ್ದು ‘ಹಲ್ಲುನೋವಿನ ಮಧ್ಯಾಹ್ನ’. ಆಮೇಲೆ ‘ಅತ್ತಿಗೆಯ ಮುನಿಸು’, ಒಂದಲ್ಲ, ಎಷ್ಟೋ ಕಡೆಗಳಿಂದ. “ಎಲ್ಲರ ಮನೇಲೂ ಇದೆ ನೋಡು,” ಎಂದ ಅಣ್ಣ. ಆ ಹೆಸರುಗಳ ಅರ್ಥವೇ ತಿಳಿಯದವರೂ ಅವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಜೊತೆಗೆ ಏನೇನು ಮಾಡಿದೆವೆಂದೂ ಬರೆದಿದ್ದರು. ಚರಂಡಿ ಮುಚ್ಚಳದ ತುಕ್ಕು ಒಬ್ಬ ಕಲಾವಿದನ ಕೈಯಲ್ಲಿ ಸೂರ್ಯಾಸ್ತವಾಗಿತ್ತು. ನಮ್ಮ ಶಾಲೆಯ ಗೋಡೆಯನ್ನು ಇನ್ನೊಬ್ಬಳು ಮುದಿ ತಿಮಿಂಗಿಲದ ಚರ್ಮವಾಗಿಸಿದ್ದಳು. ಅದನ್ನು ನೋಡಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ, ನನ್ನ ಹಳೆಯ ಶಿಷ್ಯನೊಬ್ಬ ಕಡಲು ದಾಟಿ ದೊಡ್ಡವನಾದ ಹಾಗಿತ್ತು.

ತಂದೆಯ ಗೋಡೆಯೂ ಬಂತು, ಆದರೆ ಅಂಗಭಂಗವಾಗಿ. ಬಣ್ಣಬಣ್ಣದ ಚಿತ್ರವಲ್ಲವೇ, ಎಲ್ಲರೂ ಕೈಯಾಡಿಸಿದ್ದರು. ಒಬ್ಬರು ನೀಲಿಗೆ ತಿರುಗಿಸಿದ್ದರು, ಒಬ್ಬರು ಅಂಚು ಕತ್ತರಿಸಿದ್ದರು, ಒಬ್ಬರು ಅಂಚೆಚೀಟಿಯಷ್ಟು ಚಿಕ್ಕದಾಗಿಸಿದ್ದರು. ಪ್ರತಿಯೊಂದನ್ನೂ ತೆರೆದು “ಇದಲ್ಲ” ಎನ್ನುವಳು. ಕೊನೆಗೆ ನಾನು ಕೇಳುವುದನ್ನೇ ಬಿಟ್ಟೆ.

ಆ ದಿನ ಬೆಳಗ್ಗೆ ಆಕೆಯ ಕೋಣೆಯಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದೆವು. ಅಂಗಡಿಗೆ ಹೋಗುವ ದಾರಿಯಲ್ಲಿ ಬಂದ ಅಣ್ಣ ಬಾಗಿಲಲ್ಲಿ ನಿಂತಿದ್ದ. ಆಕೆ ಹೊಸದೊಂದು ಪತ್ರ ಓದಿದಳು. ಗುರುತಿಲ್ಲದ ಹೆಂಗಸು, ಮಕ್ಕಳ ಪುಸ್ತಕಗಳ ವೆಬ್‌ಸೈಟು ಮಾಡುವವಳು. ‘ಈ ಗೋಡೆ ನನಗೆ ತುಂಬ ಇಷ್ಟವಾಗಿತ್ತು. ಬಳಸಲು ಮನಸ್ಸು ಬರಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದೆ.’ ಇಷ್ಟೇ ಬರೆದಿದ್ದಳು.

ಚಿತ್ರ ಪರದೆಯ ತುಂಬ ತೆರೆದುಕೊಂಡಿತು. ಗೋಡೆಯಕ್ಕ ಕೆಳಗಿನ ಮೂಲೆಯನ್ನು ದೊಡ್ಡದು ಮಾಡುತ್ತ ಹೋದಳು. ಕೆಂಪು ಬಣ್ಣದಲ್ಲಿ ಒಂದು ಹೆಬ್ಬೆರಳಿನ ಗುರುತು. ಚರ್ಮದ ಗೆರೆಗಳೂ ಕಾಣುತ್ತಿದ್ದವು.

“ಅದು ಬಟ್ಟೆ ಅಂಗಡಿ ಬೋರ್ಡಿನ ಕೆಂಪು,” ಎಂದ ಅಣ್ಣ. “ಅಪ್ಪನೇ ಬೆರೆಸಿದ್ದು. ಆ ಕೆಂಪು ಈಗ ಯಾವ ಡಬ್ಬದಲ್ಲೂ ಬರಲ್ಲ.” ಹೊತ್ತಾಯಿತು, ಅಂಗಡಿ ತೆಗೆಯಬೇಕು ಎಂದ, ಚಪ್ಪಲಿ ಬಿಟ್ಟು ಒಳಗೆ ಬಂದು ತಂಗಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಆಕೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಮೇಷ್ಟ್ರೇ, ನಿಮ್ಮ ಟೀ ಆರಿಹೋಯ್ತಲ್ಲಾ.”

“ಇರಲಿ ಬಿಡಮ್ಮ,” ಎಂದೆ. ಮೂವರೂ ನಕ್ಕೆವು.

ಈಗ ಆಕೆ ಜಿನುಗುವ ಗೋಡೆಯನ್ನು ರಿಪೇರಿ ಮಾಡಿಸಿದ್ದಾಳೆ, ಕಡೆಯದೊಂದು ಚಿತ್ರ ತೆಗೆದ ಮೇಲೆ, ಅಣ್ಣನ ಅಂಗಡಿಯದೇ ಬಣ್ಣ ತಂದು. ಎಲ್ಲ ಚಿತ್ರಗಳ ಒಂದು ಪ್ರತಿ ಅಣ್ಣನ ಮನೆಯಲ್ಲಿದೆ, ಒಂದು ನಮ್ಮ ಬೀರುವಿನಲ್ಲಿ ನನ್ನ ಹೆಂಡತಿಯ ಉಣ್ಣೆ ಬಟ್ಟೆಗಳ ನಡುವೆ. ಹೊಸ ಪುಟವೊಂದನ್ನು ತೆರೆದು, ‘ಒಯ್ಯಿರಿ, ನಿಮ್ಮಲ್ಲೂ ಒಂದು ಇಟ್ಟುಕೊಳ್ಳಿ’ ಎಂದು ಮೇಲುಗಡೆ ಬರೆದಿದ್ದಾಳೆ. ಕೋಟು ಮತ್ತೆ ಮೈಗೇರಿದೆ. ಕಳೆದ ವಾರ ನಮ್ಮ ಅಡುಗೆಮನೆಯ ಗೋಡೆಗೆ ಕೆನ್ನೆಯಿಟ್ಟು ಬಹಳ ಹೊತ್ತು ನಿಂತಿದ್ದಳು.

ಇಂಟರ್ನೆಟ್ಟಿನ ಮುಂದಿನ ಕಾಲ ಹೇಗಿರುತ್ತದೆಂದು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡವರು ಬರೆಯುತ್ತಾರೆ. ನಾನು ಓದುತ್ತೇನೆ, ಅರ್ಧ ಅರ್ಥವಾಗುತ್ತದೆ. ನನಗೆ ನೆನಪಾಗುವುದು ಮಾತ್ರ ಗುರುತಿಲ್ಲದ ಆ ಹೆಂಗಸು. ಬಳಸದೆ, ಬದಲಿಸದೆ, ಯಾರ ಕೈಬೆರಳೆಂದೂ ತಿಳಿಯದೆ, ಚೆಂದವೆನಿಸಿತೆಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಗೋಡೆಯನ್ನು ಜೋಪಾನ ಮಾಡಿದವಳು. ಗೋಡೆಯಕ್ಕನೂ ಆಕೆಯೂ ಒಂದೇ ಜಾತಿಯವರು. ಇಂಥವರು ಒಬ್ಬರನ್ನೊಬ್ಬರು ಕಾಣುವುದು ಅಪರೂಪ. ಅವರು ಎಲ್ಲೋ ಇದ್ದಾರೆಂದು ತಿಳಿದ ಮೇಲೆ ನನಗೂ, ಈ ವಯಸ್ಸಿನಲ್ಲಿ, ಏನೋ ಒಂದು ಧೈರ್ಯ.